ಉಗುರಿನ ಸಲೂನೂ ಮನಸ್ಸಿನ ನೆಮ್ಮದಿಯೂ

ಉಗುರುಗಳನ್ನು ಕತ್ತರಿಸಿ, ಉಜ್ಜಿ, ಬಣ್ಣವಿಟ್ಟು ಕೊಡುವುದಕ್ಕೆಂದೇ ಪ್ರತ್ಯೇಕವಾದ ಅಂಗಡಿಗಳು ಈಚೆಗೆ ನಮ್ಮ ಪಟ್ಟಣಗಳಲ್ಲಿಯೂ ಏರ್ಪಟ್ಟಿರುವುದನ್ನು ವಾಚಕರು ನೋಡಿಯೇ ಇರಬಹುದು. ಬೆಂಗಳೂರಿನ ಮಾತು ಹಾಗಿರಲಿ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿಯೂ ಇವು ಕಾಣಬರುತ್ತಿವೆ. ‘ಉಗುರು ತೆಗೆಯುವುದಕ್ಕೂ ಒಂದು ಅಂಗಡಿಯೇ?’ ಎಂದು ಹಿರಿಯರು ಮೂಗುಮುರಿಯುವುದು ಸಹಜವೇ. ಸಂಜೆಯ ಹೊತ್ತು ಉಗುರು ಕತ್ತರಿಸಕೂಡದು, ಮನೆಯೊಳಗೆ ಉಗುರು ಬೀಳಕೂಡದು, ಮಂಗಳವಾರ ಶುಕ್ರವಾರಗಳಲ್ಲಿ ಅದರ ಮಾತೇ ಕೂಡದು ಎಂಬ ಕಟ್ಟುಗಳಲ್ಲಿ ಬೆಳೆದವರು ನಾವು. ಆಷಾಢವು ಬಂದಿತೆಂದರೆ ಗೋರಂಟಿಯ ಸೊಪ್ಪನ್ನು ಒರಳಿನಲ್ಲಿ ನುಣ್ಣಗೆ ರುಬ್ಬಿ, ಬೆರಳ ತುದಿಗಳಿಗೆ ಮೆತ್ತಿಕೊಂಡು, ರಾತ್ರಿಯೆಲ್ಲ ಕೈಯನ್ನು ಹೊದಿಕೆಗೆ ತಾಗಿಸದೆ ಮಲಗುತ್ತಿದ್ದ ಹೆಣ್ಣುಮಕ್ಕಳಿಗೆ ಹಿತ್ತಿಲ ಕಟ್ಟೆಯೇ ಅಲಂಕಾರಶಾಲೆ.

ಆದರೆ ಮೂಗುಮುರಿಯುವುದರಿಂದ ಪ್ರಯೋಜನವಿಲ್ಲ. ನಮ್ಮ ಮನೆಗಳ ಹೆಣ್ಣುಮಕ್ಕಳೇ ಅಲ್ಲಿಗೆ ಹೋಗುತ್ತಾರೆ; ಅದಕ್ಕಿಂತ ಮುಖ್ಯವಾದುದೇನೆಂದರೆ, ನಮ್ಮ ಮನೆಗಳ ಹೆಣ್ಣುಮಕ್ಕಳೇ ಅಲ್ಲಿ ದುಡಿಯುವುದಕ್ಕೂ ಹೋಗುತ್ತಾರೆ. ಕೆಲವರು ಮನೆಯ ಮುಂಭಾಗದ ಕೋಣೆಯನ್ನೇ ತೆರವುಮಾಡಿಕೊಂಡು ಈ ಉದ್ಯೋಗವನ್ನು ಆರಂಭಿಸಿದ್ದಾರೆ. ಆದುದರಿಂದ ಗೃಹಸ್ಥರಾದವರು ಈ ವಿಷಯವನ್ನು ಕೊಂಚ ತಿಳಿದುಕೊಳ್ಳುವುದು ಲೇಸು.

ಇಂತಹ ಅಂಗಡಿಯನ್ನು ಸಜ್ಜುಗೊಳಿಸುವ ಬಗೆಯನ್ನು ಹೇಳಿಕೊಡುವವರಿಗೆ ಈಗ ಕೊರತೆಯೇನೂ ಇಲ್ಲ. ಮಂದವಾದ ಬೆಳಕು, ಮೂಲೆಯಲ್ಲೊಂದು ಬುದ್ಧನ ಮೂರ್ತಿ, ಸಣ್ಣಗೆ ನೀರು ಸುರಿಯುವ ಚಿಲುಮೆ, ಸುಗಂಧದ ದೀಪ, ಗೋಡೆಗೆ ಎಳೆಗೆಂಪು ಬಣ್ಣ, ಕಿವಿಗೆ ಕೊಳಲಿನ ನಾದ — ಇವಿಷ್ಟಾದರೆ ಒಳಗೆ ಬಂದವರ ಮನಸ್ಸು ತಾನಾಗಿಯೇ ತಿಳಿಯಾಗುವುದೆಂದು ಅವರ ಮತ. ಇವೆಲ್ಲವೂ ಒಂದು ಗಂಟೆ ಕುಳಿತು ಎದ್ದುಹೋಗುವವರ ಕಣ್ಣನ್ನು ನೋಡಿ ಹಾಕಿದ ಲೆಕ್ಕ. ಅದೇ ಮೇಜಿನ ಆಚೆಯ ಬದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಗ್ಗಿ ಕುಳಿತಿರತಕ್ಕವಳೊಬ್ಬಳು ಇದ್ದಾಳಷ್ಟೆ. ಅವಳಿಗೆ ತಲೆ ನೋಯುತ್ತಿದ್ದರೆ, ಕಣ್ಣು ಉರಿಯುತ್ತಿದ್ದರೆ, ಸೊಂಟ ಹಿಡಿದುಕೊಂಡಿದ್ದರೆ, ಅವಳ ಕೈಯಲ್ಲಿ ತನ್ನ ಕೈಯನ್ನಿಟ್ಟು ಕುಳಿತವಳಿಗೆ ನೆಮ್ಮದಿಯು ಎಲ್ಲಿಂದ ಬಂದೀತು? ಗಾಳಿ, ಬೆಳಕು, ಶಬ್ದ, ಪೀಠ ಇವುಗಳ ಏರ್ಪಾಡನ್ನು ಮೊದಲು ಮಾಡಿ, ಬುದ್ಧನನ್ನು ಆಮೇಲೆ ಕೂರಿಸಬೇಕೆಂಬುದು ನನ್ನ ವಾದ.

ನಮ್ಮ ಹಿಂದಿನವರು ಇದನ್ನು ಅಲ್ಪವಿಷಯವೆಂದು ಬಗೆದವರಲ್ಲ. ಕೂದಲು, ಗಡ್ಡಮೀಸೆ, ಉಗುರುಗಳನ್ನು ಪಕ್ಷಕ್ಕೆ ಮೂರು ಬಾರಿ ತೆಗೆಸತಕ್ಕದ್ದೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿಧಿಸಿದೆ. ವಾತ್ಸ್ಯಾಯನನು ನಾಗರಿಕನ ಮನೆಯನ್ನು ವರ್ಣಿಸುವಾಗ (ಆ ಗ್ರಂಥದ ಉಳಿದ ಭಾಗಗಳು ಇಲ್ಲಿಗೆ ಬೇಡ) ಮಂಚವೆಲ್ಲಿ, ಅನುಲೇಪನವನ್ನೂ ಹೂಮಾಲೆಯನ್ನೂ ಇಡತಕ್ಕ ವೇದಿಕೆಯೆಲ್ಲಿ, ಪೀಕದಾನಿಯೆಲ್ಲಿ, ವೀಣೆಯನ್ನು ತೂಗುಹಾಕುವ ದಂತದ ಗೂಟವೆಲ್ಲಿ ಎಂಬುದನ್ನೆಲ್ಲ ಹೇಳುತ್ತಾನೆ; ಆದರೆ ಮನೆಯು ನೀರಿನ ಸಮೀಪದಲ್ಲಿ ತೋಟದೊಡನೆ ಇರಬೇಕೆಂಬುದನ್ನು ಅದಕ್ಕೂ ಮೊದಲೇ ಹೇಳಿ ಮುಗಿಸಿರುತ್ತಾನೆ. ನೆಲೆಯು ಮೊದಲು, ಅಲಂಕಾರವು ಆಮೇಲೆ. ಈ ಕ್ರಮವನ್ನು ಮರೆತುದರಿಂದ ಏನಾಯಿತೆಂಬುದಕ್ಕೆ ಅಮೆರಿಕೆಯ ದೃಷ್ಟಾಂತವನ್ನು ನೋಡಬೇಕು. ಇಂದಿನ ರೂಪದ ಉಗುರಿನ ಸಲೂನು ದೊಡ್ಡದಾಗಿ ಬೆಳೆದುದು ಅಲ್ಲಿ.

ಅದರ ಕಥೆಯು ಸ್ವಾರಸ್ಯವಾಗಿದೆ. 1975ರಲ್ಲಿ ವಿಯೆಟ್ನಾಮಿನ ಯುದ್ಧವು ಮುಗಿದು, ನಿರಾಶ್ರಿತರು ಸಾವಿರಗಟ್ಟಲೆಯಾಗಿ ಅಮೆರಿಕೆಗೆ ಬಂದರು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಬಳಿಯ ಶಿಬಿರವೊಂದಕ್ಕೆ ಟಿಪ್ಪಿ ಹೆಡ್ರೆನ್ ಎಂಬ ಚಲನಚಿತ್ರನಟಿಯು ಸಹಾಯಕ್ಕಾಗಿ ಹೋಗುತ್ತಿದ್ದಳು. ಅವಳ ನೀಳವಾದ ಬಣ್ಣದ ಉಗುರುಗಳನ್ನು ಅಲ್ಲಿಯ ಹೆಂಗಸರು ಬೆರಗಾಗಿ ನೋಡಿದರಂತೆ. ಅವಳು ತನ್ನ ಉಗುರುಗಳನ್ನು ತಿದ್ದುವವಳನ್ನೇ ಶಿಬಿರಕ್ಕೆ ಕರೆತಂದು, ಇಪ್ಪತ್ತು ಮಂದಿಗೆ ಆ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದಳು. ಹೆಚ್ಚು ಇಂಗ್ಲಿಷು ಬೇಡದ, ಬಂಡವಾಳ ಬೇಡದ ಉದ್ಯೋಗವದು. ಇಪ್ಪತ್ತು ಮಂದಿಯಿಂದ ಅಕ್ಕತಂಗಿಯರು, ಅವರಿಂದ ನೆರೆಹೊರೆಯವರು ಕಲಿತರು. ಇಂದು ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸದಲ್ಲಿರತಕ್ಕವರ ಪೈಕಿ ಬಹುಪಾಲು ವಿಯೆಟ್ನಾಮೀ ಮೂಲದವರೇ. ನೆಲೆಯಿಲ್ಲದೆ ಬಂದವರ ಮಕ್ಕಳು ಈ ಮೇಜಿನ ಸಂಪಾದನೆಯಿಂದ ಓದಿ ಮುಂದೆ ಬಂದರು. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಅಂಗಡಿಗಳು ಹೆಚ್ಚಿದಂತೆಲ್ಲ ಬೆಲೆಯು ಇಳಿಯಿತು, ಕೋಣೆಯು ಕಿರಿದಾಯಿತು, ಗಾಳಿಯ ಮಾತು ಯಾರಿಗೂ ಹೊಳೆಯಲಿಲ್ಲ. 2015ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ನ್ಯೂಯಾರ್ಕ್ ನಗರದ ಉಗುರಿನ ಸಲೂನುಗಳಲ್ಲಿ ದುಡಿಯುವವರ ಸ್ಥಿತಿಯನ್ನು ಕುರಿತು ದೀರ್ಘವಾದ ಲೇಖನಗಳನ್ನು ಪ್ರಕಟಿಸಿತು: ಅತ್ಯಲ್ಪ ಕೂಲಿ, ಕೆಮ್ಮು, ಚರ್ಮದ ರೋಗ, ಗರ್ಭ ನಿಲ್ಲದ ದುಃಖ. ಒಳಗೆ ಕೊಳಲಿನ ನಾದವೂ ಎಳೆಗೆಂಪು ಗೋಡೆಯೂ ಇದ್ದ ಅಂಗಡಿಗಳ ಮಾತಿದು. ಲೇಖನದ ಕೆಲವು ಅಂಶಗಳನ್ನು ಅಂಗಡಿಯವರು ಬಲವಾಗಿ ಅಲ್ಲಗಳೆದರು. ಆದರೂ ಗಾಳಿಯ ವಿಷಯದಲ್ಲಿ ಆ ರಾಜ್ಯವು ಸುಮ್ಮನಿರಲಿಲ್ಲ.

ಹಾಗಾದರೆ ಆ ಗಾಳಿಯಲ್ಲಿರುವುದೇನು? ಹಳೆಯ ಬಣ್ಣವನ್ನು ಅಳಿಸುವುದಕ್ಕೆ ಅಸಿಟೋನ್ ಎಂಬ ದ್ರವ, ಬಣ್ಣವನ್ನು ತೆಳುವಾಗಿ ಹರಡಿಸುವುದಕ್ಕೆ ಟಾಲುಯೀನ್, ಗಟ್ಟಿಯಾಗಿಸುವುದಕ್ಕೆ ಫಾರ್ಮಾಲ್ಡಿಹೈಡ್, ಬಿರಿಯದಂತೆ ಮಾಡುವುದಕ್ಕೆ ಡೈಬ್ಯೂಟೈಲ್ ಥ್ಯಾಲೇಟ್. ಕಡೆಯ ಮೂರನ್ನು ಅಮೆರಿಕೆಯವರು ‘ವಿಷತ್ರಯ’ವೆಂದೇ ಕರೆಯುತ್ತಾರೆ. ಟಾಲುಯೀನಿನಿಂದ ತಲೆನೋವು, ತಲೆಸುತ್ತು. ಫಾರ್ಮಾಲ್ಡಿಹೈಡು ಮನುಷ್ಯರಲ್ಲಿ ಅರ್ಬುದರೋಗವನ್ನು ಉಂಟುಮಾಡತಕ್ಕದ್ದೆಂದು ವಿಶ್ವ ಆರೋಗ್ಯಸಂಸ್ಥೆಗೆ ಸೇರಿದ ಸಂಶೋಧನಾಮಂಡಲಿಯು 2004ರಲ್ಲಿ ನಿರ್ಣಯಿಸಿತು. ಈಚೆಗೆ ಅನೇಕ ಬಣ್ಣಗಳಿಂದ ಇವುಗಳನ್ನು ತೆಗೆದುಹಾಕಿರುವುದು ನಿಜ. ಆದರೆ 2012ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೊಂದು ಬಾಟಲಿಗಳನ್ನು ಪರೀಕ್ಷಿಸಿದಾಗ, ‘ಇದರಲ್ಲಿ ಅದಿಲ್ಲ’ ಎಂಬ ಚೀಟಿ ಹೊತ್ತ ಕೆಲವು ಬಾಟಲಿಗಳಲ್ಲಿಯೂ ಅದೇ ಸಿಕ್ಕಿತು! ಚೀಟಿಯನ್ನು ನಂಬಿ ಕಿಟಕಿಯನ್ನು ಮುಚ್ಚುವಂತಿಲ್ಲ. ಮೇಲಾಗಿ ಕೃತಕ ಉಗುರನ್ನು ಅಂಟಿಸಿ ಅರದಿಂದ ಉಜ್ಜುವಾಗ ಏಳುವ ಹಿಟ್ಟಿನಂತಹ ಧೂಳು ಬೇರೆ.

ವಾಸನೆಯಿಂದಲೇ ಎಲ್ಲವನ್ನೂ ತಿಳಿಯಬಹುದೆಂದು ಭಾವಿಸಕೂಡದು. ಕೃತಕ ಉಗುರಿನ ದ್ರವವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಹೊಡೆಯುತ್ತದೆ. ಧೂಳಿಗೆ ವಾಸನೆಯೇ ಇಲ್ಲ. ಹಾಗೆಯೇ ಸುಗಂಧವನ್ನು ಹಚ್ಚಿಟ್ಟು ವಾಸನೆಯನ್ನು ಮುಚ್ಚುವುದು ಗಾಳಿಯಲ್ಲಿರುವುದರ ಮೇಲೆ ಇನ್ನಷ್ಟನ್ನು ಸೇರಿಸಿದಂತೆಯೇ ಸರಿ. ಇಲ್ಲಿ ನಮ್ಮವರಿಗೆ ವಿಶೇಷವಾಗಿ ಹೇಳತಕ್ಕ ಮಾತೊಂದಿದೆ. ಅಂಗಡಿಯ ಬಾಗಿಲು ತೆರೆದೊಡನೆ ದೇವರ ಪಟಕ್ಕೆ ದೀಪ ಹಚ್ಚಿ ಊದುಬತ್ತಿ ಬೆಳಗುವುದು ನಮ್ಮ ಪದ್ಧತಿ. ಅಸಿಟೋನಿನ ಆವಿಯು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ಸೋಕಿದರೆ ಹೊತ್ತಿಕೊಳ್ಳತಕ್ಕದ್ದು. ಗಾಳಿಗಿಂತ ಎರಡರಷ್ಟು ಭಾರವಾದುದರಿಂದ ಮೇಜಿನಿಂದ ಕೆಳಗಿಳಿದು ನೆಲದ ಮೇಲೆ ಹರಿಯುತ್ತದೆ. ದೇವರ ಗೂಡು ಎತ್ತರದಲ್ಲಿ, ಕೆಲಸದ ಮೇಜಿನಿಂದ ದೂರದಲ್ಲಿ ಇರಲಿ. ಬಾಟಲಿಗಳನ್ನು ತೆರೆಯುವ ಮೊದಲೇ ಪೂಜೆಯು ಮುಗಿದು ದೀಪವು ಶಾಂತವಾಗಿರಲಿ.

ನ್ಯೂಯಾರ್ಕ್ ರಾಜ್ಯವು 2016ರಲ್ಲಿ ಜಾರಿಗೆ ತಂದ ನಿಯಮದ ಸಾರವು ಬಹು ಸರಳವಾದುದು. ಪ್ರತಿಯೊಂದು ಮೇಜಿಗೂ ತನ್ನದೇ ಆದ ಹೀರುಗೊಳವೆಯಿರಬೇಕು. ಅದರ ಬಾಯಿಯು ಉಗುರಿಗೆ ಬಣ್ಣವಿಡುವ ಜಾಗದಿಂದ 12 ಅಂಗುಲಗಳೊಳಗೆ ಇರಬೇಕು. ನಿಮಿಷಕ್ಕೆ 50 ಘನ ಅಡಿಗಳಿಗೆ ಕಡಿಮೆಯಿಲ್ಲದಷ್ಟು ಗಾಳಿಯನ್ನು ಹೀರಿ ಕಟ್ಟಡದ ಹೊರಕ್ಕೆ ಬಿಡಬೇಕು. ಇದಲ್ಲದೆ ಒಳಗಿರತಕ್ಕ ಪ್ರತಿಯೊಬ್ಬರಿಗೂ ನಿಮಿಷಕ್ಕೆ 20 ಘನ ಅಡಿಗಳಂತೆ ಹೊರಗಿನ ಹೊಸಗಾಳಿಯು ಬರಬೇಕು. ಹನ್ನೆರಡು ಅಂಗುಲಗಳೆಂದು ಏಕೆ ಹೇಳಿದರು? ಮುಚ್ಚಿಗೆಯಲ್ಲಿ ಎಷ್ಟು ದೊಡ್ಡ ಫ್ಯಾನನ್ನು ಇಟ್ಟರೂ ಆವಿಯು ಅಲ್ಲಿಗೆ ತಲುಪುವ ಮೊದಲು ಇಬ್ಬರ ಮೂಗಿನ ಮುಂದೆ ಹಾದುಹೋಗಲೇಬೇಕು. ಹುಟ್ಟಿದ ಜಾಗದಲ್ಲಿಯೇ ಹಿಡಿದರೆ ಮೂಗಿನವರೆಗೆ ಬರುವುದೇ ಇಲ್ಲ. ಅಡುಗೆಮನೆಯ ಒಲೆಯ ಮೇಲೆಯೇ ಹೊಗೆಗೂಡನ್ನು ಕಟ್ಟಿದ ನಮ್ಮ ಅಜ್ಜಿಯರಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಇದಕ್ಕೂ ಮೊದಲು, 2010ರಲ್ಲಿಯೇ, ಸ್ಯಾನ್‌ಫ್ರಾನ್ಸಿಸ್ಕೋ ನಗರವು ವಿಷತ್ರಯವನ್ನು ಬಿಟ್ಟು ಗಾಳಿಯ ಏರ್ಪಾಡು ಮಾಡಿಕೊಂಡ ಸಲೂನುಗಳಿಗೆ ಮನ್ನಣೆಯನ್ನು ಕೊಡುವ ಶಾಸನವನ್ನು ಮಾಡಿದ್ದಿತು. ದಂಡಿಸುವುದಕ್ಕಿಂತ ಅದು ಒಳ್ಳೆಯ ದಾರಿಯೆಂದು ನನಗೆ ತೋರುತ್ತದೆ.

ಇದನ್ನೆಲ್ಲ ನಾನು ಓದಿ ಕೂಡಿಸಿಕೊಂಡುದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ನಿಮಿತ್ತವಾಗಿ. ಬೇರೊಂದು ಕಡೆ ಆರು ವರ್ಷ ಈ ಕೆಲಸವನ್ನು ಮಾಡಿ ತಲೆನೋವಿನಿಂದ ಬೇಸತ್ತು, ತನ್ನದೇ ಅಂಗಡಿಯನ್ನು ತೆರೆಯಬೇಕೆಂದು ಮೈಸೂರಿನಲ್ಲಿ 12 ಅಡಿ ಅಗಲ, 20 ಅಡಿ ಉದ್ದದ ಮಳಿಗೆಯನ್ನು ಬಾಡಿಗೆಗೆ ಹಿಡಿದಿದ್ದಳು. ಕೈಯಲ್ಲಿದ್ದ ಹಣವು ನೀರಿನ ಚಿಲುಮೆಗಾಗಲಿ ಹೀರುಗೊಳವೆಗಾಗಲಿ ಒಂದಕ್ಕೆ ಮಾತ್ರ ಸಾಕಾಗುವಷ್ಟು. ‘ಮೇಷ್ಟ್ರೇ, ಬಂದವರಿಗೆ ಕೊಳವೆ ಕಾಣಿಸುವುದಿಲ್ಲ, ಚಿಲುಮೆ ಕಾಣಿಸುತ್ತೆ. ನೋಡಿ ಒಳಗೆ ಬಂದರಲ್ಲವೇ ವ್ಯಾಪಾರ?’ ಎಂದಳು. ವ್ಯಾಪಾರದ ಲೆಕ್ಕದಲ್ಲಿ ಅವಳ ಮಾತು ಸುಳ್ಳಲ್ಲ. ನಾನು ಬೇರೆ ಲೆಕ್ಕವನ್ನು ಹಾಕಿ ತೋರಿಸಿದೆನು. ಹತ್ತು ಅಡಿ ಎತ್ತರವೆಂದರೆ ಕೋಣೆಯಲ್ಲಿ 2400 ಘನ ಅಡಿ ಗಾಳಿಯಿದೆ. ಮೂರು ಮೇಜುಗಳ ಮೂರು ಕೊಳವೆಗಳು ನಿಮಿಷಕ್ಕೆ 150 ಘನ ಅಡಿಗಳನ್ನು ಹೊರದೂಡಿದರೆ 16 ನಿಮಿಷಗಳಿಗೊಮ್ಮೆ ಕೋಣೆಯಷ್ಟು ಗಾಳಿಯು ಹೊಸದಾಗುತ್ತದೆ. ಅದಿಲ್ಲದಿದ್ದರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಳಗಿನ ಆವಿಯನ್ನೇ ಸಂಜೆಯವರೆಗೂ ಸೇವಿಸುತ್ತಿರಬೇಕು. ‘ಚಿಲುಮೆಯನ್ನು ನೋಡಿ ಬಂದವಳು ಒಂದು ಗಂಟೆಗೆ ಹೋಗುತ್ತಾಳಮ್ಮ, ಹೋಗದೆ ಅಲ್ಲೇ ಇರುವವಳು ನೀನು’ ಎಂದೆನು. ಅವಳು ಉತ್ತರ ಕೊಡಲಿಲ್ಲ; ಮರುವಾರ ಕೊಳವೆಯ ಕೆಲಸದವನು ಬಂದಿದ್ದನು.

ತಂಪು ಯಂತ್ರವಿದೆಯಲ್ಲ ಎಂದು ಕೇಳುವವರುಂಟು. ಗೋಡೆಗೆ ತೂಗುಹಾಕತಕ್ಕ ಸಾಮಾನ್ಯವಾದ ಎ.ಸಿ.ಯು ಒಳಗಿನ ಗಾಳಿಯನ್ನೇ ತಂಪುಮಾಡಿ ಒಳಕ್ಕೇ ಬಿಡುತ್ತದೆ, ಹೊಸಗಾಳಿಯನ್ನು ತರುವುದಿಲ್ಲ. ಇದ್ದಿಲಿನ ಪದರವುಳ್ಳ ಹೀರುಮೇಜುಗಳೂ ದೊರೆಯುತ್ತವೆ. ಆದರೆ ಆ ಇದ್ದಿಲನ್ನು ತಿಂಗಳಿಗೊಮ್ಮೆಯಾದರೂ ಬದಲಾಯಿಸಬೇಕು. ಬದಲಾಯಿಸದ ಇದ್ದಿಲು ಇದ್ದೂ ಇಲ್ಲದಂತೆ. ಹೊರಹೋಗುವ ಕೊಳವೆಯ ತುದಿಯು ಪಕ್ಕದ ಮನೆಯ ಕಿಟಕಿಗೋ ಮೇಲ್ಮಹಡಿಯ ತೊಟ್ಟಿಲ ಕೋಣೆಗೋ ಎದುರಾಗಿರಕೂಡದೆಂಬುದನ್ನು ಹೇಳಲೇಬೇಕಾಗಿದೆ, ಏಕೆಂದರೆ ಹಾಗೆ ಇಟ್ಟುದನ್ನು ಕಂಡಿದ್ದೇನೆ.

ಗಿಡಗಳು ಗಾಳಿಯನ್ನು ಶುದ್ಧಿಮಾಡುವುವೆಂಬ ನಂಬಿಕೆಯು ಮನೆಮನೆಗೂ ಹಬ್ಬಿದೆ. ಅಮೆರಿಕೆಯ ನಾಸಾ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಪರೀಕ್ಷೆಯೇ ಇದಕ್ಕೆ ಮೂಲ. ಆದರೆ ಆ ಪರೀಕ್ಷೆಯು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆದುದು. 2019ರಲ್ಲಿ ಇಬ್ಬರು ವಿದ್ವಾಂಸರು ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಗೆ ಸಮನಾಗಬೇಕಾದರೆ ನೆಲದ ಪ್ರತಿಯೊಂದು ಚದರ ಮೀಟರಿಗೂ 10ರಿಂದ 1000 ಗಿಡಗಳವರೆಗೆ ಬೇಕಾದೀತೆಂದು ತೋರಿಸಿದರು. ಅಂಗಡಿಯಲ್ಲಿ ಗಿಡಗಳಿಗೇ ಜಾಗವಾಯಿತು. ಗಿರಾಕಿಗಳು ಬೀದಿಯಲ್ಲಿ ನಿಲ್ಲಬೇಕು! ಹಾಗೆಂದು ಗಿಡವು ಬೇಡವೆಂದಲ್ಲ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗನೆ ಮನೆಗೆ ಹೋದರೆಂದೂ, ಬಲವಾದ ನೋವುಶಾಮಕಗಳನ್ನು ಕಡಿಮೆ ಬೇಡಿದರೆಂದೂ ರೋಜರ್ ಉಲ್ರಿಚ್ ಎಂಬಾತನು 1984ರಲ್ಲಿ ಪ್ರಕಟಿಸಿದನು. ಹಸಿರು ಕಣ್ಣಿಗೆ ಔಷಧ, ಶ್ವಾಸಕೋಶಕ್ಕಲ್ಲ ಎಂದು ತಿಳಿದು, ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ನೇರವಾಗಿ ಎರಡು ಕುಂಡಗಳನ್ನು ಇಟ್ಟರೆ ಸಾಕು.

ಬೆಳಕಿನ ವಿಷಯದಲ್ಲಿ ಒಂದೇ ದೀಪದಿಂದ ಎರಡು ಕೆಲಸಗಳನ್ನು ಮಾಡಿಸಹೋಗುವುದರಿಂದಲೇ ತೊಡಕು. ಕೋಣೆಗೆ ಬೇಕಾದುದು ಮಂದಪ್ರಕಾಶ. ಉಗುರಿಗೆ ಬೇಕಾದುದು ಪ್ರಖರವಾದ, ನೆರಳು ಬೀಳದ ಬೆಳಕು. ಮಂದಪ್ರಕಾಶದಲ್ಲಿಯೇ ಕೆಲಸಮಾಡಿಸಿದರೆ ಅವಳು ಬಗ್ಗಿ ಬಗ್ಗಿ ನೋಡಬೇಕಾಗುತ್ತದೆ. ಬಗ್ಗಿದಷ್ಟೂ ಆವಿಯ ಹತ್ತಿರಕ್ಕೆ ಮೂಗು. ಆದುದರಿಂದ ಮೇಜಿಗೊಂದು ಬಾಗುವ ತೋಳಿನ ದೀಪವನ್ನು ಪ್ರತ್ಯೇಕವಾಗಿ ಇಡತಕ್ಕದ್ದು. ಹಗಲಿನಲ್ಲಿ ಕಾಣುವಂತೆಯೇ ಬಣ್ಣವನ್ನು ತೋರಿಸುವ ಗುಣವನ್ನು ದೀಪದ ಡಬ್ಬಿಯ ಮೇಲೆ ಸಿ.ಆರ್.ಐ. ಎಂಬ ಅಂಕಿಯಿಂದ ಸೂಚಿಸಿರುತ್ತಾರೆ. 100ಕ್ಕೆ 90ಕ್ಕಿಂತ ಕಡಿಮೆಯಿರಕೂಡದು. ಇಲ್ಲದಿದ್ದರೆ ಅಂಗಡಿಯಲ್ಲಿ ದಾಳಿಂಬೆಯ ಬಣ್ಣವಾಗಿ ಕಂಡುದು ಬೀದಿಗೆ ಬಂದೊಡನೆ ಇಟ್ಟಿಗೆಯ ಬಣ್ಣವಾಗಿ ಕಂಡು ಜಗಳಕ್ಕೆ ದಾರಿಯಾಗುತ್ತದೆ. ಕಿಟಕಿಯು ಉತ್ತರಕ್ಕಿದ್ದರೆ ಭಾಗ್ಯವೇ ಸರಿ. ಈಗಿನ ‘ಜೆಲ್’ ಎಂಬ ಬಣ್ಣವು ಅತಿನೇರಳೆಯ ದೀಪದ ಕೆಳಗೆ ಗಟ್ಟಿಯಾಗತಕ್ಕದ್ದು. ನೇರವಾದ ಬಿಸಿಲು ಗಾಜಿನ ಮೂಲಕ ಬಿದ್ದರೂ ಭರಣಿಯಲ್ಲಿಯೇ ಹೆಪ್ಪುಗಟ್ಟುವುದುಂಟು.

ಗೋಡೆಯ ಬಣ್ಣವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಒಂದು ಬಗೆಯ ಎಳೆಗೆಂಪು ಸಿಟ್ಟನ್ನು ಇಳಿಸುವುದೆಂದು 1979ರಲ್ಲಿ ಅಮೆರಿಕೆಯ ಸೆರೆಮನೆಯೊಂದರಲ್ಲಿ ಬಳಿದು ನೋಡಿದರು. ಮುಂದೆ ಸ್ವಿಟ್ಸರ್ಲೆಂಡಿನ ಸೆರೆಮನೆಯಲ್ಲಿ ಜಾಗರೂಕತೆಯಿಂದ ಪರೀಕ್ಷಿಸಿದಾಗ ಬಿಳಿಯ ಕೋಣೆಗೂ ಅದಕ್ಕೂ ಭೇದ ಕಾಣಲಿಲ್ಲ. ಕಡುಬಣ್ಣದ ಗೋಡೆಯು ತನ್ನ ಛಾಯೆಯನ್ನು ಉಗುರಿನ ಮೇಲೂ ಚೆಲ್ಲುವುದರಿಂದ, ಸುಣ್ಣದ ಬಿಳುಪಿಗೆ ಚಿಟಿಕೆ ಕಾವಿ ಬೆರೆಸಿದಂತಹ ಬಣ್ಣವೇ ಸಾಕು.

ಶಬ್ದವು ಮಾತ್ರ ಅಲಕ್ಷ್ಯಕ್ಕೆ ಅರ್ಹವಲ್ಲ. ವಿದ್ಯುತ್ತಿನಿಂದ ತಿರುಗುವ ಅರದ ಗುಂಯ್‌ಗುಡುವಿಕೆ, ಹೀರುವ ಫ್ಯಾನಿನ ಮೊರೆತ, ಮೂರು ಮೇಜುಗಳ ಮಾತು. ಸುತ್ತಲೂ ಗಾಜು, ಕನ್ನಡಿ, ನುಣುಪಾದ ಟೈಲುಗಳು. ಪ್ರತಿಯೊಂದು ಶಬ್ದವೂ ಹತ್ತು ಬಾರಿ ಮರಳಿ ಬರುತ್ತದೆ. ಅದನ್ನು ಮುಚ್ಚಲು ಕೊಳಲನ್ನು ಜೋರು ಮಾಡುತ್ತಾರೆ. ಕೊಳಲಿನ ಮೇಲೆ ಮಾತು ಕೇಳಲೆಂದು ಜನರು ಇನ್ನೂ ಕೂಗುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಖ್ಯಾನಮಂದಿರವೊಂದರಲ್ಲಿ ಉಪಾಧ್ಯಾಯರ ಮಾತೇ ತಿಳಿಯದಷ್ಟು ಮಾರ್ದನಿಯಿದ್ದಿತು. 1895ರಲ್ಲಿ ಅದನ್ನು ಸರಿಪಡಿಸುವ ಹೊಣೆಯು ವ್ಯಾಲೆಸ್ ಸಬೈನ್ ಎಂಬ ತರುಣ ಉಪಾಧ್ಯಾಯನ ಮೇಲೆ ಬಿದ್ದಿತು. ಅವನು ರಾತ್ರಿಯ ಹೊತ್ತು ಪಕ್ಕದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊರಿಸಿಕೊಂಡು ಬಂದು ಹರಡಿ, ಮೆತ್ತೆಗಳು ಹೆಚ್ಚಿದಂತೆ ಮಾರ್ದನಿಯು ಎಷ್ಟು ಬೇಗ ಅಡಗುವುದೆಂದು ಅಳೆದು, ಬೆಳಗಾಗುವ ಮೊದಲು ಮರಳಿಸುತ್ತಿದ್ದನು. ಮೆತ್ತನೆಯ ವಸ್ತುವು ಶಬ್ದವನ್ನು ನುಂಗುವ ಲೆಕ್ಕವು ಜಗತ್ತಿಗೆ ತಿಳಿದುದು ಹಾಗೆ. (ಮೂವತ್ತೈದು ವರ್ಷ ಹೆಂಚಿನ ಕೊಠಡಿಗಳಲ್ಲಿ ಮಳೆಗಾಲದ ಪಾಠ ಹೇಳಿದ ನನಗೆ ಅವನ ಮೇಲೆ ವಿಶೇಷವಾದ ಪ್ರೀತಿ.) ಆದರೆ ಸಲೂನಿನಲ್ಲಿ ಮೆತ್ತೆ, ಜಮಖಾನೆಗಳು ಧೂಳನ್ನೂ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುವುದರಿಂದ, ಮೆತ್ತನೆಯದೆಲ್ಲವೂ ಕೈಗೆಟುಕದ ಎತ್ತರದಲ್ಲಿ, ಎಂದರೆ ಮುಚ್ಚಿಗೆಯಲ್ಲಿಯೂ ಗೋಡೆಯ ಮೇಲ್ಭಾಗದಲ್ಲಿಯೂ ಇರತಕ್ಕದ್ದು, ಕೆಳಗೆ ಒಗೆಯಬಹುದಾದ ಕೈಮಗ್ಗದ ಪರದೆಯೊಂದು ಮಾತ್ರವಿರಲಿ.

ಇನ್ನು ಪೀಠ. ಮೇಜು ಅಗಲವಾದಷ್ಟೂ ಗಾಂಭೀರ್ಯವೆಂದು ತಿಳಿದು ದೊಡ್ಡ ಮೇಜನ್ನು ತರಿಸುತ್ತಾರೆ. ಕೆಲಸ ಮಾಡುವವಳು ದಿನವೆಲ್ಲ ಕೈಚಾಚಿಕೊಂಡೇ ಇರಬೇಕಾಗುತ್ತದೆ. ಗೇಣೆರಡರ ಅಗಲವೇ ಹೇರಳವಾಯಿತು. ಗಿರಾಕಿಯ ಮಣಿಕಟ್ಟಿನ ಕೆಳಗೆ ಸಣ್ಣ ದಿಂಬು. ಇತ್ತ ಬೆನ್ನಿಗೆ ಒರಗು, ಏರಿಸಿ ಇಳಿಸಬಹುದಾದ ಪೀಠ. ಪಾದಗಳನ್ನು ತಿದ್ದುವಲ್ಲಿ ಗಿರಾಕಿಯನ್ನು ಸಿಂಹಾಸನದಂತಹ ಕುರ್ಚಿಯಲ್ಲಿ ಕೂರಿಸಿ, ತಿದ್ದುವವಳನ್ನು ಮಣೆಯ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸುವ ಪದ್ಧತಿಯು ನೋಡುವುದಕ್ಕೂ ಚೆನ್ನಲ್ಲ. ಗಿರಾಕಿಯ ಕುರ್ಚಿಯನ್ನು ಒಂದು ಮೆಟ್ಟಿಲು ಎತ್ತರಿಸಿದರೆ ಇವಳು ಸರಿಯಾದ ಪೀಠದಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಬಹುದು. ಮಾತನಾಡುವಾಗ ಇಬ್ಬರ ಮುಖಗಳೂ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ.

ಪಾದಗಳನ್ನು ನೆನೆಯಿಡುವ ತೊಟ್ಟಿಯ ವಿಷಯವಾಗಿ ಒಂದು ಎಚ್ಚರಿಕೆ. ಒಳಗಿನ ಕೊಳವೆಗಳಿಂದ ನೀರು ಸುಳಿಯಾಗಿ ಚಿಮ್ಮುವ ತೊಟ್ಟಿಗಳು ಬಹು ಮನೋಹರವಾಗಿರುತ್ತವೆ. 2000ದ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬ ಊರಿನಲ್ಲಿ, ಒಂದೇ ಸಲೂನಿನ ನೂರಕ್ಕೆ ಮೇಲ್ಪಟ್ಟ ಗಿರಾಕಿಗಳ ಕಾಲುಗಳಲ್ಲಿ ತಿಂಗಳುಗಟ್ಟಲೆ ಮಾಯದ ಕುರುಗಳು ಎದ್ದುವು. ವೈದ್ಯರು ಹೋಗಿ ತೊಟ್ಟಿಗಳನ್ನು ಬಿಚ್ಚಿ ನೋಡಲಾಗಿ, ನೀರನ್ನು ಹೀರುವ ಜಾಲರಿಗಳ ಹಿಂದೆ ಕೂದಲೂ ಚರ್ಮದ ಚೂರುಗಳೂ ಕೂಡಿಕೊಂಡು, ಅಲ್ಲಿ ಸೂಕ್ಷ್ಮಜೀವಿಗಳು ಮನೆಮಾಡಿದ್ದುವು. ಹೊರಗೆ ಥಳಥಳಿಸುತ್ತಿದ್ದ ತೊಟ್ಟಿಗಳವು. ಕೊಳವೆಯಿಲ್ಲದ, ಒಳಗೆಲ್ಲ ಕೈಯಾಡಿಸಿ ತಿಕ್ಕಬಹುದಾದ ಬೋಗುಣಿಯೇ ಸರ್ವೋತ್ತಮವಾದುದು. ಒಬ್ಬರಾದ ಮೇಲೆ ಅದನ್ನು ಸಾಬೂನಿನಿಂದ ತಿಕ್ಕಿ ತೊಳೆದು, ಕ್ರಿಮಿನಾಶಕದ ನೀರನ್ನು ತುಂಬಿ, ಹತ್ತು ನಿಮಿಷಗಳು ಪೂರ್ತಿಯಾಗಿ ನಿಲ್ಲಿಸಬೇಕು. ನನ್ನ ವಿದ್ಯಾರ್ಥಿನಿಯು ಆ ಹತ್ತು ನಿಮಿಷಗಳನ್ನು ಅವಸರದಲ್ಲಿ ಕಡಿತಮಾಡುವಂತಾಗಬಾರದೆಂದು ಎರಡು ಕುರ್ಚಿಗಳಿಗೆ ನಾಲ್ಕು ಬೋಗುಣಿಗಳನ್ನು ತರಿಸಿಕೊಂಡಿದ್ದಾಳೆ. ಗೋಡೆಯ ಗಡಿಯಾರವನ್ನು ತನಗೆ ಮಾತ್ರ ಕಾಣುವಂತೆ ಗಿರಾಕಿಗಳ ಬೆನ್ನ ಹಿಂದೆ ತೂಗುಹಾಕಿದ್ದಾಳೆ.